ಕಾಣದ ಎಲೆ

2003ರ ಮೇ ತಿಂಗಳಲ್ಲಿ ಲಾಸ್ ವೇಗಾಸ್‌ನ ಬಿನಿಯನ್ಸ್ ಹಾರ್ಸ್‌ಶೂ ಎಂಬ ಹಳೆಯ ಕ್ಯಾಸಿನೊದಲ್ಲಿ, ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯಕ್ಕೆ 839 ಮಂದಿ ಕುಳಿತರು. ಪ್ರವೇಶಧನ ತಲೆಗೆ 10,000 ಡಾಲರ್. ಅವರಲ್ಲೊಬ್ಬ ಟೆನೆಸೀ ರಾಜ್ಯದ ಅಕೌಂಟೆಂಟ್, 27ರ ಕ್ರಿಸ್ ಮನಿಮೇಕರ್. ಕಥೆಯಲ್ಲಿ ಇಂಥ ಹೆಸರಿಟ್ಟಿದ್ದರೆ ಸಂಪಾದಕರು ಹೊಡೆದುಹಾಕುತ್ತಿದ್ದರು. ಆದರೆ ಅದು ಆತನ ನಿಜವಾದ ಮನೆತನದ ಹೆಸರು.

ಆತ 10,000 ಡಾಲರ್ ಕಟ್ಟಿರಲಿಲ್ಲ. ಆನ್‌ಲೈನ್‌ನಲ್ಲಿ 86 ಡಾಲರಿನ ಅರ್ಹತಾ ಪಂದ್ಯ ಆಡಿ, ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಬಂದಿದ್ದ. ಎದುರಾಳಿಯ ಮುಖ ನೋಡುತ್ತ ಆಡಿದ ದೊಡ್ಡ ಪಂದ್ಯ ಅದೇ ಮೊದಲು.

ಆಟ ಟೆಕ್ಸಸ್ ಹೋಲ್ಡೆಮ್. ಪ್ರತಿಯೊಬ್ಬನ ಕೈಗೆ ಎರಡೇ ಎಲೆ, ಅವೂ ಮುಚ್ಚಿದವು. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು ತೆರೆಯುತ್ತವೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ನಡುನಡುವೆ ಪಣ. ಏಳರಲ್ಲಿ ಐದನ್ನು ಚೆನ್ನಾಗಿ ಕೂಡಿಸಿದವನು ಗೆದ್ದ. ಉಳಿದವರೆಲ್ಲ ಹೆದರಿ ಎಲೆ ಕೆಳಗಿಟ್ಟರೆ ಕೈಯಲ್ಲಿ ಏನೂ ಇಲ್ಲದವನೂ ಗೆದ್ದ.

ಮನಿಮೇಕರ್‌ಗೆ ಅದೃಷ್ಟ ಎಷ್ಟಿತ್ತು? ಹಂಬರ್ಟೊ ಬ್ರೆನೆಸ್ ಎಂಬ ಪಳಗಿದ ಆಟಗಾರನ ಕೈಯಲ್ಲಿ ಎರಡು ಎಕ್ಕ, ಈತನ ಕೈಯಲ್ಲಿ ಎರಡು ಎಂಟು. ಪಣವೆಲ್ಲ ಮಧ್ಯಕ್ಕೆ ಬಿದ್ದಮೇಲೆ ಮೂರನೇ ಎಂಟು ಬಂತು. ಕೊನೆಯ ಹತ್ತು ಮಂದಿಯಲ್ಲಿ ಫಿಲ್ ಐವಿ ಇದ್ದ. ಆಗಲೇ ಈ ಸರಣಿಯ ನಾಲ್ಕು ಪಂದ್ಯ ಗೆದ್ದು, ಎಲ್ಲರೂ ಅಂಜುತ್ತಿದ್ದವನು. ಒಂದು ಸುತ್ತಿನಲ್ಲಿ, ಇನ್ನೊಂದೇ ಎಲೆ ಉಳಿದಿದ್ದಾಗ, ಐವಿಯದೇ ಮೇಲುಗೈ. ಕಾಣದ 44 ಎಲೆಗಳಲ್ಲಿ ಮನಿಮೇಕರ್‌ನನ್ನು ಉಳಿಸಬಲ್ಲವು ಏಳೇ ಏಳು. ಎಕ್ಕ ಬಿತ್ತು. ಐವಿ ಎದ್ದು ಹೋದ.

ಇಷ್ಟೇ ಆಗಿದ್ದರೆ ಇದು ಲಾಟರಿಯ ಕಥೆ. ಕೊನೆಗೆ ಉಳಿದವರು ಇಬ್ಬರು: ಮನಿಮೇಕರ್ ಮತ್ತು ಲೆಬನಾನ್ ಮೂಲದ ವೃತ್ತಿಪರ ಸ್ಯಾಮಿ ಫರ್ಹಾ. ಒಂದು ಸುತ್ತಿನಲ್ಲಿ ಮನಿಮೇಕರ್ ಕೈಯಲ್ಲಿ ರಾಜ ಮತ್ತು ಏಳು. ಒಂದೇ ಗುರುತಿನ ಐದೆಲೆ ಕೂಡಬಹುದಿತ್ತು, ಕೂಡಲಿಲ್ಲ. ಸಾಲಾಗಿ ಐದು ಬರಬಹುದಿತ್ತು, ಬರಲಿಲ್ಲ. ಒಂದು ಜೋಡಿಯೂ ಇಲ್ಲ. ಫರ್ಹಾ ಬಳಿ ಒಂಬತ್ತರ ಜೋಡಿ, ಅಂದರೆ ಗೆಲ್ಲುವ ಕೈ. ಮನಿಮೇಕರ್ ತನ್ನಲ್ಲಿದ್ದ ಅಷ್ಟನ್ನೂ ಮುಂದೆ ತಳ್ಳಿದ. ನಿನಗೆ ಬೇಕಾದ ಎಲೆ ಬಂದಿರಲಿಕ್ಕಿಲ್ಲ ಎಂದು ಫರ್ಹಾ ಬಾಯಿಬಿಟ್ಟೇ ಹೇಳಿದ. ಅನುಮಾನ ಸರಿಯಾಗಿತ್ತು. ಆದರೂ ಎಲೆ ಕೆಳಗಿಟ್ಟ. ಸ್ವಲ್ಪ ಹೊತ್ತಿನಲ್ಲೇ, ಐದು–ನಾಲ್ಕು ಎಂಬ ಬಡಪಾಯಿ ಎಲೆಗಳಿಂದ ಮನಿಮೇಕರ್ 25 ಲಕ್ಷ ಡಾಲರ್ ಗೆದ್ದ.

ಆ ಎಂಟೂ ಎಕ್ಕವೂ ತಾವಾಗಿ ಬಂದವು. ಫರ್ಹಾನನ್ನು ಮಣಿಸಿದ ಸುತ್ತಿನಲ್ಲಿ ಮಾತ್ರ ಎಲೆ ಕೈಕೊಟ್ಟಿತ್ತು, ಕೆಲಸ ಮಾಡಿದ್ದು ಆಡುವವನು.

ಅದೃಷ್ಟವೆಂದರೆ ಅ-ದೃಷ್ಟ, ಕಾಣದ್ದು. ಪೋಕರ್‌ಗೆ ಈ ಪದ ಅಕ್ಷರಶಃ ಹೊಂದುತ್ತದೆ. ಆದರೆ ಆ ವರ್ಷ ಟಿವಿ ನೋಡಿದವರಿಗೆ ಎಲ್ಲವೂ ಕಂಡಿತು. ಮುಚ್ಚಿದ ಎಲೆಗಳನ್ನು ನೋಡುಗರಿಗೆ ತೋರಿಸುವ ಕ್ಯಾಮೆರಾದ ಪೇಟೆಂಟ್ ಪಡೆದಿದ್ದವರು ಹೆನ್ರಿ ಒರೆನ್‌ಸ್ಟೈನ್. ನಾಜಿಗಳ ಶಿಬಿರಗಳಿಂದ ಬದುಕಿ ಬಂದು, ಅಮೆರಿಕದಲ್ಲಿ ಆಟಿಕೆ ರೂಪಿಸಿದವರು. ಅವರ ಕ್ಯಾಮೆರಾದಿಂದಾಗಿ ಫರ್ಹಾ ಮೋಸಹೋಗುವುದನ್ನು ಜನ ಕುರ್ಚಿಯಲ್ಲಿ ಕುಳಿತೇ ಕಂಡರು. ಕಾಣದೆ ಹೋದದ್ದು, ಸಂಕಲನದಲ್ಲಿ ಕತ್ತರಿಸಿಹೋದ ದಿನಗಟ್ಟಲೆಯ ತಾಳ್ಮೆ: ಸುತ್ತಿನ ಮೇಲೆ ಸುತ್ತು ಎಲೆ ಕೆಳಗಿಡುತ್ತ ಕಾಯುವ ಬೇಸರದ ಕೆಲಸ. ಅದನ್ನು ತೋರಿಸಿದ್ದರೆ ಯಾರು ನೋಡುತ್ತಿದ್ದರು? ‘ಇವನಿಗಾದದ್ದು ನನಗೇಕಾಗದು’ ಎಂದುಕೊಂಡವರು ಸಾಲುಗಟ್ಟಿದರು. 2004ರಲ್ಲಿ ಆಟಗಾರರು 2,576, 2006ರಲ್ಲಿ 8,773.

ಇಷ್ಟು ದೊಡ್ಡ ಗುಂಪಿನಲ್ಲಿ ಎಂಥ ನಿಪುಣನೂ ಒಂದು ನಿರ್ದಿಷ್ಟ ಪಂದ್ಯ ಗೆಲ್ಲುವುದು ಅಪರೂಪ. ಆದರೆ ಲೆಕ್ಕ ಹಲವು ಪಂದ್ಯಗಳಿಗೆ ಹರಡಿದರೆ ಚಿತ್ರವೇ ಬೇರೆ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್ 2010ರ ಸರಣಿಯನ್ನು ಪರಿಶೀಲಿಸಿದರು. ನಿಪುಣರೆಂದು ಮೊದಲೇ ಗುರುತಿಸಿದವರಿಗೆ ಹಾಕಿದ ಹಣದ ಮೇಲೆ ಶೇ 30ಕ್ಕೂ ಹೆಚ್ಚು ಲಾಭ, ಉಳಿದವರಿಗೆ ಶೇ 15ರಷ್ಟು ನಷ್ಟ. ಹವ್ಯಾಸಿಗಳ ಹಣ ಎಲ್ಲಿಗೆ ಹೋಗುತ್ತಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಡ.

ಇದೇ ತೂಕ ನಮ್ಮ ನ್ಯಾಯಾಲಯಗಳಲ್ಲೂ ನಡೆದಿದೆ. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ, ಬಿದ್ದ ಎಲೆಗಳನ್ನು ನೆನಪಿಡಬೇಕಾದ ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯಾಟ ಬರೀ ಅದೃಷ್ಟದ್ದು ಎಂದಿತು. ಪೋಕರ್ ಈ ಎರಡರಲ್ಲಿ ಯಾವುದರ ಪಕ್ಕದ್ದು ಎಂಬ ಜಗಳ ಹಲವು ಹೈಕೋರ್ಟ್‌ಗಳಲ್ಲಿ ನಡೆಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ, ಕೌಶಲವೋ ಅದೃಷ್ಟವೋ ಎಂದು ಕೇಳುವುದನ್ನೇ ಬಿಟ್ಟಿತು.

ಮನಿಮೇಕರ್ ಕೆಲಸ ಬಿಟ್ಟು ಪೋಕರ್‌ಗೇ ನಿಂತ. ವರ್ಲ್ಡ್ ಸೀರೀಸ್‌ನಲ್ಲಿ ಮುಂದಿನ ಇಪ್ಪತ್ತು ವರ್ಷ ಇನ್ನೊಂದು ಪಂದ್ಯ ಗೆಲ್ಲಲಾಗಲಿಲ್ಲ. ಅವತ್ತು ಎದ್ದು ಹೋದ ಐವಿಯ ಗೆಲುವುಗಳು 2024ರ ಹೊತ್ತಿಗೆ ಹನ್ನೊಂದು. ಅವುಗಳಲ್ಲಿ ಮುಖ್ಯ ಪಂದ್ಯ ಒಂದೂ ಇಲ್ಲ.