ಹೃದ್ರೋಗಿ ಕಿಶೋರರ ಚೇಷ್ಟಾಭೀತಿಯೂ ಅದರ ಮಾಪನವೂ

ಭಯವು ಭಯಾನಕರಸದ ಸ್ಥಾಯಿಯೆಂಬುದೂ, ಹೃದಯಕಂಪನ, ಸ್ವೇದ, ಮುಖಶೋಷ ಮೊದಲಾದ ಅನುಭಾವಗಳಿಂದ ಅದನ್ನು ಊಹಿಸಬೇಕೆಂಬುದೂ ನಾಟ್ಯಶಾಸ್ತ್ರದ ಪಾಠಹೇಳುವವರಿಗೆಲ್ಲ ತಿಳಿದುದೇ. ಆದರೆ ಈ ಚಿಹ್ನೆಗಳೇ ರೋಗದಲ್ಲಿಯೂ, ಓಡಿದಾಗಿನ ಶ್ರಮದಲ್ಲಿಯೂ ತೋರುವುದಾದರೆ ಭಯವನ್ನು ಬೇರ್ಪಡಿಸಿ ಅರಿಯುವ ಬಗೆ ಯಾವುದು? ಹೃದಯದೋಷವುಳ್ಳ ಕಿಶೋರರ ವಿಷಯದಲ್ಲಿ ವೈದ್ಯಶಾಸ್ತ್ರಕ್ಕೆ ಒದಗಿರುವ ಪ್ರಶ್ನೆಯು ಇದೇ.

ಈ ಭಯಕ್ಕೆ ಒಂದು ಚರಿತ್ರೆಯುಂಟು. ನಡೆಯುವಾಗ ಉಂಟಾಗುವ ಎದೆಯ ಬೇನೆಯನ್ನು 1772ರಲ್ಲಿ ವರ್ಣಿಸಿದ ಆಂಗ್ಲವೈದ್ಯ ವಿಲಿಯಂ ಹೆಬರ್ಡನ್, ದಿನಕ್ಕೆ ಅರ್ಧಗಂಟೆ ಮರ ಕೊಯ್ದು ಬಹುಮಟ್ಟಿಗೆ ಗುಣಹೊಂದಿದ ರೋಗಿಯೊಬ್ಬನನ್ನೂ ಉಲ್ಲೇಖಿಸಿದ್ದಾನೆ. ಹೀಗಿದ್ದರೂ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲಿಯೇ ಮಲಗಿಸುತ್ತಿದ್ದರು. 1952ರಲ್ಲಿ ಲೆವೈನ್ ಮತ್ತು ಲೌನ್ ಎಂಬವರು ರೋಗಿಯನ್ನು ಕುರ್ಚಿಯಲ್ಲಿ ಕುಳ್ಳಿರಿಸುವುದೇ ಮೇಲೆಂದು ಪ್ರತಿಪಾದಿಸಬೇಕಾಯಿತು. ಆದುದರಿಂದ ಚೇಷ್ಟಾಭೀತಿಯು ಕೇವಲ ರೋಗಿಯ ದೌರ್ಬಲ್ಯವಲ್ಲ. ಒಂದು ಕಾಲದಲ್ಲಿ ಅದು ವೈದ್ಯರ ಉಪದೇಶವೇ ಆಗಿದ್ದಿತು.

1944ರ ನವೆಂಬರ್ 29ರಂದು ಬಾಲ್ಟಿಮೋರ್ ನಗರದಲ್ಲಿ ಬ್ಲಾಲಾಕ್, ಟೌಸಿಗ್, ಥಾಮಸ್ ಇವರ ಪರಿಶ್ರಮದಿಂದ ನೀಲಿಗಟ್ಟಿದ ಶಿಶುವೊಂದಕ್ಕೆ ಶಸ್ತ್ರಚಿಕಿತ್ಸೆಯಾಯಿತು. ಆ ಮಾರ್ಗವು ವಿಸ್ತರಿಸಿದಂತೆ, ಹಿಂದೆ ಶೈಶವದಲ್ಲಿಯೇ ಅಳಿಯುತ್ತಿದ್ದ ಅನೇಕರು ಪ್ರಾಯಕ್ಕೆ ಬಂದರು. ಹೃದಯವು ಸರಿಯಾಯಿತು, "ಓಡಬೇಡ" ಎಂಬ ಮನೆಯವರ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ಜನ್ಮಜಾತ ಹೃದಯದೋಷವುಳ್ಳವರಿಗೆ ವ್ಯಾಯಾಮವನ್ನು ಪ್ರೋತ್ಸಾಹಿಸಬೇಕೆಂದು ಅಮೆರಿಕದ ಹೃದಯಸಂಘವು 2013ರಲ್ಲಿ ಪ್ರತ್ಯೇಕ ಹೇಳಿಕೆಯನ್ನೇ ಹೊರಡಿಸಿತು.

ಈ ಭೀತಿಗೆ 1990ರಲ್ಲಿ ಕೋರಿ, ಮಿಲ್ಲರ್, ಟಾಡ್ ಎಂಬವರು 'ಕೈನೀಸಿಯೋಫೋಬಿಯಾ' ಎಂದು ಹೆಸರಿಟ್ಟರು. ಗ್ರೀಕಿನಲ್ಲಿ 'ಕಿನೇಸಿಸ್' ಎಂದರೆ ಚಲನೆ, 'ಫೋಬೋಸ್' ಎಂದರೆ ಭಯ. ನಮ್ಮಲ್ಲಿ 'ಚೇಷ್ಟಾಭೀತಿ' ಎನ್ನಬಹುದು. ಅದನ್ನಳೆಯುವ ಟ್ಯಾಂಪಾ ಮಾನದಲ್ಲಿ 17 ವಾಕ್ಯಗಳಿವೆ. ಪ್ರತಿಯೊಂದಕ್ಕೂ ಸಮ್ಮತಿ ಅಸಮ್ಮತಿಗಳ ತಾರತಮ್ಯದಿಂದ 1ರಿಂದ 4ರವರೆಗೆ ಅಂಕ. ಮೊತ್ತವು 17ಕ್ಕೆ ಕಡಮೆಯಾಗದು, 68ನ್ನು ಮೀರದು. ದೇಹದ ನೋವುಳ್ಳವರಿಗಾಗಿ ಹುಟ್ಟಿದ ಈ ಮಾನವನ್ನು ಸ್ವೀಡನ್ ದೇಶದ ಬೆಕ್ ಮತ್ತು ಸಂಗಡಿಗರು ಹೃದಯದ ರಕ್ತನಾಳಗಳ ರೋಗವುಳ್ಳವರಿಗೆ ಹೊಂದಿಸಿ 2012ರಲ್ಲಿ ಪ್ರಕಟಿಸಿದರು.

ಇದನ್ನೇ ಕಿಶೋರರಿಗೆ ಅನ್ವಯಿಸುವಲ್ಲಿ ಎರಡು ತೊಡಕುಗಳನ್ನು ಗಮನಿಸಬೇಕು. ಮೊದಲನೆಯದಾಗಿ, ರೋಗ ಬಂದಮೇಲೆ ಏನು ಬದಲಾಯಿತೆಂದು ವಯಸ್ಕನನ್ನು ಕೇಳಬಹುದು; ಹುಟ್ಟಿನಿಂದಲೇ ದೋಷವುಳ್ಳವನಿಗೆ 'ರೋಗಕ್ಕೆ ಮುಂಚೆ' ಎಂಬ ಕಾಲವೇ ಇಲ್ಲ. ಅವನ ಪ್ರಶ್ನೆಗಳು ಆಟದ ಬಯಲನ್ನೂ, ಒಡನಾಡಿಗಳನ್ನೂ, ತಾಯಿತಂದೆಗಳ ಕಳವಳವನ್ನೂ ಕುರಿತಿರಬೇಕು. ಎರಡನೆಯದಾಗಿ, ಎಲ್ಲ ಭಯವೂ ಭ್ರಾಂತಿಯಲ್ಲ. ಹೃದಯದ ಮಾಂಸವು ದಪ್ಪವಾಗುವಂತಹ ಕೆಲವು ರೋಗಗಳಲ್ಲಿ ತೀವ್ರಶ್ರಮವು ಅಪಾಯಕರವಾಗಬಹುದು. ವೈದ್ಯನು ಯಾವುದನ್ನು ನಿಷೇಧಿಸಿದ್ದಾನೆಂಬುದನ್ನು ಅರಿಯದೆ ಅಂಕವನ್ನು ಮಾತ್ರ ಕೂಡಿದರೆ ವಿವೇಕವೂ ಭೀತಿಯೆಂದೇ ಎಣಿಕೆಯಾದೀತು.

ವ್ಯಾಯಾಮವನ್ನು ಬಲಾರ್ಧದವರೆಗೆ ಮಾಡಬೇಕೆಂದು ಸುಶ್ರುತಸಂಹಿತೆಯು ವಿಧಿಸಿ, ಹೃದಯಸ್ಥಾನದ ವಾಯುವು ಬಾಯಿಗೆ ಬರುವುದನ್ನು ಅದರ ಲಕ್ಷಣವೆಂದು ಹೇಳುತ್ತದೆ. ಇದು ಸ್ವಸ್ಥರಿಗೆ ಹೇಳಿದ ಮಾತು, ಹೃದ್ರೋಗಿಗೆ ವಿಧಿಯಲ್ಲ. ಆದರೂ ಇದರಲ್ಲಿ ಒಂದು ತತ್ತ್ವವಡಗಿದೆ: ಏದುಸಿರು ಇಲ್ಲಿ ಭಯದ ಚಿಹ್ನೆಯಲ್ಲ, ಮಿತಿಯ ಚಿಹ್ನೆ. ಕಿಶೋರನು ತನ್ನ ಎದೆಬಡಿತವನ್ನು ಹೀಗೆ ಓದಲು ಕಲಿಯುವಂತಾದರೆ ಮಾಪನವು ಸಾರ್ಥಕ; ಅಂಕವೊಂದನ್ನು ಬರೆದಿಟ್ಟು ಅವನನ್ನು ಬಯಲಿನ ಅಂಚಿನಲ್ಲಿಯೇ ಕುಳ್ಳಿರಿಸಿದರೆ ವ್ಯರ್ಥ.