ಲಾರಿಯ ಹಿಂದಿನ ಆಕ್ಸಲ್: ಹಲ್ಲುಗಳ ಲೆಕ್ಕ, ಹಲ್ಲುಗಳ ಚರಿತ್ರೆ

ಲಾರಿಯ ಹಿಂಬದಿಯ ಗಾಲಿಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಲೋಹದ ಪೆಟ್ಟಿಗೆಯೊಂದನ್ನು ನೀವು ನೋಡಿರುತ್ತೀರಿ. ಅದರೊಳಗೆ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರ, ಕ್ರೌನ್ ವ್ಹೀಲ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಸುತ್ತು ಹಾಕಲು ಬಿಡುವ ಡಿಫರೆನ್ಷಿಯಲ್ ಕೂಡ ಅಲ್ಲೇ ಇದೆ. ಈ ಡಿಫರೆನ್ಷಿಯಲ್ ಪೆಟ್ರೋಲ್ ಎಂಜಿನ್ನಿಗಿಂತ ಹಳೆಯದು. ಫ್ರಾನ್ಸಿನ ಪೆಕ್ಯೂರ್ 1820ರ ದಶಕದ ಕೊನೆಯಲ್ಲಿಯೇ ಉಗಿಬಂಡಿಗಾಗಿ ಅದರ ಪೇಟೆಂಟ್ ಪಡೆದಿದ್ದನು.

ಈ ಎರಡು ಚಕ್ರಗಳ ಹಲ್ಲುಗಳ ಅನುಪಾತವನ್ನು ಬದಲಿಸಿದರೆ ಲಾರಿಯ ಗುಣವೇ ಬದಲಾಗುತ್ತದೆ. ನಮ್ಮ ದೇಶದಲ್ಲಿ ಈ ಬದಲಾವಣೆ ಏಕೆ ಬೇಕಾಯಿತೆಂಬುದಕ್ಕೆ ಒಂದು ಹಿನ್ನೆಲೆ ಇದೆ.

1920ರ ದಶಕದಲ್ಲಿ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಕಂಪನಿಗಳು ಬಿಡಿಭಾಗಗಳನ್ನು ಹಡಗಿನಲ್ಲಿ ತಂದು ಇಲ್ಲಿ ಜೋಡಿಸುತ್ತಿದ್ದವು. ವಾಹನ ಇಲ್ಲಿಯೇ ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿದವರು ಸರ್ ಎಂ. ವಿಶ್ವೇಶ್ವರಯ್ಯ. ಮೈಸೂರು ಸಂಸ್ಥಾನದಲ್ಲಿ ಆ ಕಾರ್ಖಾನೆ ತೆರೆಯುವ ಪ್ರಯತ್ನ ಬ್ರಿಟಿಷ್ ಆಡಳಿತದ ಒಪ್ಪಿಗೆ ಸಿಗದೆ ನಿಂತುಹೋಯಿತು. ಅವರೊಡನೆ ಕೈಜೋಡಿಸಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸನ್ನು ಕಟ್ಟಿದ್ದು ಮುಂಬಯಿಯಲ್ಲಿ. ನಮ್ಮ ರಾಜ್ಯದ ಕೈಗಾರಿಕಾ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ಹೆಚ್ಚಿಲ್ಲವೆಂದು ನನ್ನ ಅಭಿಪ್ರಾಯ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯ ಹರಾಜು ಹಾಕಿದ ಲಾರಿಗಳು ಸರಕು ಸಾಗಣೆಗೆ ಬಂದವು. ಅವು ಪೆಟ್ರೋಲ್ ಕುಡಿಯುವ ಗಾಡಿಗಳು. 1950ರ ದಶಕದಲ್ಲಿ ಡೀಸೆಲ್ ಎಂಜಿನ್‌ಗಳು ಇಲ್ಲೇ ತಯಾರಾಗತೊಡಗಿದವು. ಮದರಾಸಿನ ಸಿಂಪ್ಸನ್ ಕಂಪನಿ ಇಂಗ್ಲೆಂಡಿನ ಪರ್ಕಿನ್ಸ್ ಎಂಜಿನ್‌ಗಳನ್ನು ತಯಾರಿಸಿತು. 1954ರಲ್ಲಿ ಟೆಲ್ಕೊ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆಗೂಡಿತು. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ಗ್ಯಾರೇಜುಗಳಲ್ಲಿ ನಡೆಯತೊಡಗಿತು.

ತೊಡಕು ಇಲ್ಲಿದೆ. ಪರ್ಕಿನ್ಸ್ ಪಿ6 ಎಂಜಿನ್ 83 ಅಶ್ವಸಾಮರ್ಥ್ಯವನ್ನು ಕೊಡುವುದು ನಿಮಿಷಕ್ಕೆ 2400 ಸುತ್ತಿನಲ್ಲಿ. ಅದು ಇಳಿಸಿದ ಪೆಟ್ರೋಲ್ ಎಂಜಿನ್ 3000 ಸುತ್ತು ತಿರುಗುತ್ತಿತ್ತು ಎಂದಿಟ್ಟುಕೊಳ್ಳಿ. ಆಕ್ಸಲ್ ಹಾಗೆಯೇ ಇದ್ದರೆ ಲಾರಿಯ ಗರಿಷ್ಠ ವೇಗ ಐದರಲ್ಲಿ ನಾಲ್ಕು ಪಾಲಿಗೆ ಇಳಿಯುತ್ತದೆ. ವೇಗ ಉಳಿಯಬೇಕಾದರೆ ಆಕ್ಸಲ್ಲಿನ ಅನುಪಾತವನ್ನೂ ಐದರಲ್ಲಿ ನಾಲ್ಕು ಪಾಲಿಗೆ ಇಳಿಸಬೇಕು. ಎಳೆತ ಕಡಿಮೆಯಾಗುವುದಿಲ್ಲವೆ? ಇಲ್ಲ. ಅದೇ ಸಾಮರ್ಥ್ಯವನ್ನು ಕಡಿಮೆ ಸುತ್ತಿನಲ್ಲಿ ಕೊಡುವ ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಪ್ರಯತ್ನ, ಅಷ್ಟೇ ಪಟ್ಟು ಹೆಚ್ಚಿರುತ್ತದೆ.

ಎಂಜಿನ್ ಬದಲಿಸದೆ ಆಕ್ಸಲ್ ಮಾತ್ರ ಬದಲಿಸಿದರೆ ಲೆಕ್ಕ ಬೇರೆ. ವಳ್ಳೂರಿನ ಕಡೆಯಿಂದ ಕಡಲೆಕಾಯಿ ಮೂಟೆ ಹೇರಿದ 8 ಟನ್ ಒಟ್ಟು ತೂಕದ ಲಾರಿ ಹೊರಟಿದೆ ಎಂದುಕೊಳ್ಳಿ. ಕ್ರೌನ್ ವ್ಹೀಲಿಗೆ 41, ಪಿನಿಯನ್ನಿಗೆ 6 ಹಲ್ಲು, ಅನುಪಾತ 6.83. ಎಂಜಿನ್ನಿನ ಟಾರ್ಕ್ 250 ನ್ಯೂಟನ್-ಮೀಟರ್, ಗಾಲಿಯ ತ್ರಿಜ್ಯ ಅರ್ಧ ಮೀಟರ್. ಟಾಪ್ ಗೇರಿನಲ್ಲಿ ಗಾಲಿಯ ಎಳೆತ ಸುಮಾರು 3415 ನ್ಯೂಟನ್. ನೂರು ಮೀಟರಿಗೆ ಮೂರು ಮೀಟರ್ ಏರುವ ದಿಬ್ಬದಲ್ಲಿ ಗುರುತ್ವ 2350 ನ್ಯೂಟನ್ನಿನಷ್ಟು ಹಿಂದಕ್ಕೆಳೆಯುತ್ತದೆ, ಟೈರುಗಳ ಉರುಳು ಪ್ರತಿರೋಧ ಸುಮಾರು 940 ನ್ಯೂಟನ್; ಒಟ್ಟು 3290. ಗಾಳಿಯ ತಡೆ, ಗೇರುಗಳ ಘರ್ಷಣೆ ಬಿಟ್ಟರೆ ಲಾರಿ ಹತ್ತುತ್ತದೆ. ಈಗ 37 ಮತ್ತು 6 ಹಲ್ಲುಗಳ ಜೋಡಿ ಹಾಕಿ. ಅನುಪಾತ 6.17, ಎಳೆತ 3085 ನ್ಯೂಟನ್. ಚಾಲಕ ಗೇರು ಇಳಿಸಲೇಬೇಕು. ಪ್ರತಿಯಾಗಿ ಸಮತಟ್ಟಿನಲ್ಲಿ, 2400 ಸುತ್ತಿಗೆ ಗಂಟೆಗೆ 66 ಕಿ.ಮೀ. ಇದ್ದ ವೇಗ 73 ಆಗುತ್ತದೆ. ಶಿರಾದ ಹೆದ್ದಾರಿಯಲ್ಲಿ ಇದು ಲಾಭ. ಮಧುಗಿರಿ, ಪಾವಗಡಗಳ ಗುಡ್ಡಗಳ ನಡುವಿನ ದಾರಿಯಲ್ಲಿ ಅಲ್ಲ.

ಹಲ್ಲುಗಳ ಸಂಖ್ಯೆ 41, 37 ಎಂದು ವಿಚಿತ್ರವಾಗಿರುವುದೇಕೆ? 36 ಮತ್ತು 6 ಇದ್ದಿದ್ದರೆ ಪಿನಿಯನ್ನಿನ ಒಂದು ಹಲ್ಲು ಸದಾ ಅದೇ ಆರು ಹಲ್ಲುಗಳನ್ನೇ ಕಚ್ಚುತ್ತಿತ್ತು. ಸಾಮಾನ್ಯ ಅಪವರ್ತನ ಇಲ್ಲದಿದ್ದರೆ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನೂ ಸಂಧಿಸಿ ಸವೆತ ಸಮನಾಗುತ್ತದೆ. ಮಹತ್ತಮ ಸಾಮಾನ್ಯ ಅಪವರ್ತನದ ಪಾಠಕ್ಕೆ ಶಿಕ್ಷಕರಿಗೆ ಇದು ಒಳ್ಳೆಯ ಉದಾಹರಣೆ.

ಮಾಲೀಕರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯಿದೆ. ಹಳೆಯ ಲಾರಿಗಳಲ್ಲಿ ವೇಗಮಾಪಕದ ಕೇಬಲ್ ಹೊರಡುವುದು ಗೇರುಪೆಟ್ಟಿಗೆಯಿಂದ, ಗಾಲಿಯಿಂದಲ್ಲ. ಆಕ್ಸಲ್ ಬದಲಾದದ್ದು ಅದಕ್ಕೆ ತಿಳಿಯದು. ಮುಳ್ಳು 60 ತೋರಿಸುವಾಗ ನಿಜವಾದ ವೇಗ 66. ಸಾವಿರ ಕಿ.ಮೀ. ಓಡಿದರೆ ಮೀಟರಿನಲ್ಲಿ 902. ಲೀಟರಿಗೆ 5 ಕಿ.ಮೀ. ಕೊಡುತ್ತಿದ್ದ ಲಾರಿ ನಿಜಕ್ಕೂ 5.5 ಕೊಟ್ಟರೂ ಮೀಟರಿನ ಪ್ರಕಾರ ಹಳೆಯ 5 ಬರುವುದೂ ಕಷ್ಟ. ಡೀಸೆಲ್ ಕದ್ದ ಆರೋಪ ಚಾಲಕನ ಮೇಲೆ!

ಇಳಿಜಾರಿನ ವಿಷಯ ಹೆಚ್ಚು ಗಂಭೀರ. 8 ಟನ್ ಲಾರಿ 100 ಮೀಟರ್ ಎತ್ತರದಿಂದ ಇಳಿದರೆ 78 ಲಕ್ಷ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು. ಎಂಜಿನ್ ತಡೆದಷ್ಟು ಹೋಗಿ ಉಳಿದದ್ದು ಬ್ರೇಕ್ ಡ್ರಮ್ಮುಗಳ ಬಿಸಿ. ಅನುಪಾತ ಇಳಿದಂತೆ ಅದೇ ಗೇರಿನಲ್ಲಿ ಎಂಜಿನ್ನಿನ ತಡೆ ಕಡಿಮೆಯಾಗಿ ಡ್ರಮ್ಮಿನ ಪಾಲು ಹೆಚ್ಚುತ್ತದೆ. ಕಾದ ಬ್ರೇಕ್ ಹಿಡಿಯುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಮನಬಂದ ಮಾರ್ಪಾಡನ್ನು ತಡೆಯುವುದು ಕಾಗದಪತ್ರದ ಕಾಟಕ್ಕಾಗಿ ಮಾತ್ರವಲ್ಲ.

ವಿಶ್ವೇಶ್ವರಯ್ಯನವರ ಕಾರ್ಖಾನೆ ಬಾರದಿದ್ದರೂ ಆಕ್ಸಲ್ ಮೈಸೂರಿಗೆ ಬಂದಿತು: 1981ರಲ್ಲಿ ಸ್ಥಾಪನೆಯಾದ ಆಟೋಮೋಟಿವ್ ಆಕ್ಸಲ್ಸ್ ಕಾರ್ಖಾನೆ ಲಾರಿಗಳ ಹಿಂದಿನ ಆಕ್ಸಲ್‌ಗಳನ್ನೇ ತಯಾರಿಸುತ್ತದೆ.

ಹಲ್ಲು ಎಣಿಸಲು ಪೆಟ್ಟಿಗೆ ಬಿಚ್ಚಬೇಕಿಲ್ಲ. ಗ್ಯಾರೇಜಿನವರ ನೆರವಿನಿಂದ ಗೇರನ್ನು ನ್ಯೂಟ್ರಲ್‌ಗೆ ತಂದು, ಹಿಂದಿನ ಒಂದು ಬದಿಯ ಗಾಲಿಯನ್ನಷ್ಟೇ ಜಾಕಿಯಿಂದ ಎತ್ತಿಸಿ. ಆ ಗಾಲಿಯನ್ನು ಎರಡು ಸುತ್ತು ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟಿನ ಮೇಲಿನ ಸೀಮೆಸುಣ್ಣದ ಗುರುತು ಎಷ್ಟು ಸುತ್ತಿತೆಂದು ಎಣಿಸಿ, ಅದೇ ಅನುಪಾತ. ಒಂದರ ಬದಲು ಎರಡು ಸುತ್ತು ಏಕೆಂಬುದನ್ನು ವಿದ್ಯಾರ್ಥಿಗಳೇ ಹೇಳಲಿ. ನೆಲ ಮುಟ್ಟಿದ ಗಾಲಿ ತಿರುಗುತ್ತಿಲ್ಲ ಎಂಬ ಸುಳಿವು ಸಾಕು. ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕಾದ್ದರಿಂದ, ಮೊದಲು ನೆಲದ ಮೇಲಿರುವ ಗಾಲಿಗಳಿಗೆ ಹಿಂದೆ ಮುಂದೆ ದಪ್ಪ ಕಲ್ಲು ಕೊಡಿಸಿ.