‘ದೇವ’ ಶಬ್ದದ ಏಳುಬೀಳು

ಸಂಜೆ ದೀಪ ಹಚ್ಚಿ ‘ದೇವರೇ’ ಎಂದು ಕೈಮುಗಿಯುವ ಮನೆಯಲ್ಲಿಯೇ ಹಟಮಾಡುವ ಮಗುವನ್ನು ‘ದೆವ್ವ ಬಂತು’ ಎಂದು ಬೆದರಿಸುವುದೂ ಉಂಟು. ಒಂದು ಅಭಯದ ಮಾತು, ಇನ್ನೊಂದು ಭಯದ ಮಾತು. ಇವೆರಡೂ ಒಂದೇ ಬೇರಿನ ಚಿಗುರುಗಳೆಂಬುದು ಥಟ್ಟನೆ ಯಾರಿಗೂ ಹೊಳೆಯುವುದಿಲ್ಲ. ದೇವನಿಗೆ ಸಂಬಂಧಪಟ್ಟುದು ದೈವ. ಆ ದೈವವೇ ಪ್ರಾಕೃತದ ಬಾಯಲ್ಲಿ ಸವೆದು ಕನ್ನಡದಲ್ಲಿ ‘ದೆವ್ವ’ವೆಂಬ ತದ್ಭವವಾಗಿ ನಿಂತಿತು. ದೈವಕ್ಕೆ ವಿಧಿಯೆಂಬ ಅರ್ಥವೂ ಇದೆ. ತುಳುನಾಡಿನಲ್ಲಾದರೋ ಪಂಜುರ್ಲಿ, ಜುಮಾದಿ ಮೊದಲಾದ ಶಕ್ತಿಗಳೇ ದೈವಗಳು. ಅವಕ್ಕೆ ಕೋಲ ನೇಮಗಳ ಸೇವೆ ಸಲ್ಲುತ್ತದೆ. ಹೀಗೆ ಒಂದೇ ನಾಡಿನೊಳಗೆ ಒಂದು ಬೇರಿನಿಂದ ದೇವರು, ವಿಧಿ, ಊರು ಕಾಯುವ ಶಕ್ತಿ, ಪಿಶಾಚಿ ಎಂಬ ನಾಲ್ಕು ಅರ್ಥಗಳು ಹುಟ್ಟಿಕೊಂಡಿವೆ. ಈ ಎರಡಕ್ಷರದ ಶಬ್ದವು ಬೇರೆ ಬೇರೆ ಜನಾಂಗಗಳ ನಾಲಗೆಯ ಮೇಲೆ ಪಡೆದ ಮಾನಾಪಮಾನಗಳ ಕಥೆಯು ಇದಕ್ಕಿಂತಲೂ ವಿಚಿತ್ರವಾದುದು.

ಸಂಸ್ಕೃತದ ‘ದಿವ್’ ಧಾತುವಿಗೆ ಹೊಳೆಯುವುದೆಂಬುದು ಮುಖ್ಯವಾದ ಅರ್ಥ. ಬೆಳಗುವ ಆಕಾಶ ‘ದ್ಯೌಃ’. ಆ ಬೆಳಕಿನ ಲೋಕದವನು ದೇವ. 1786ರಲ್ಲಿ ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ಸಭೆಯಲ್ಲಿ ಸರ್ ವಿಲಿಯಂ ಜೋನ್ಸ್ ಎಂಬ ಪಂಡಿತನು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸಾರಿದನು. ಅಂದಿನಿಂದ ನಡೆದ ಶೋಧನೆಯ ಫಲವಾಗಿ, ‘ದೇವ’ವು ಸಂಸ್ಕೃತದಿಂದ ಪಶ್ಚಿಮಕ್ಕೆ ಹೋದುದೂ ಅಲ್ಲ, ಅಲ್ಲಿಂದ ಇಲ್ಲಿಗೆ ಬಂದುದೂ ಅಲ್ಲ, ಈಗ ಅಳಿದುಹೋಗಿರುವ ಒಂದು ತಾಯಿನುಡಿಯಿಂದ ಎಲ್ಲರಿಗೂ ಪಾಲಾಗಿ ಬಂದ ಆಸ್ತಿ ಎಂಬುದು ನಿಶ್ಚಯವಾಗಿದೆ. ಲ್ಯಾಟಿನ್ ಜನರ ‘ದೇಉಸ್’ ಇದೇ ಶಬ್ದ. 1880ರಲ್ಲಿ ರೋಮಿನಲ್ಲಿ ದೊರೆತ ಪುರಾತನವಾದ ಒಂದು ಮಣ್ಣಿನ ಪಾತ್ರೆಯ ಮೇಲೆ ‘ದೇಇವೋಸ್’ ಎಂಬ ಹಳೆಯ ರೂಪವೇ ಕೊರೆಯಲ್ಪಟ್ಟಿದೆ. ಲಿಥುವೇನಿಯದವರು 1387ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದರೂ ‘ದಿಯೆವಸ್’ ಎಂಬ ತಮ್ಮ ಹಳೆಯ ಹೆಸರನ್ನು ಬಿಡದೆ, ಅದರಿಂದಲೇ ಹೊಸ ದೇವರನ್ನು ಕರೆದರು. ಪ್ರಾಚೀನ ಆಂಗ್ಲರಲ್ಲಿ ಅದು ‘ತೀವ್’ ಎಂಬ ಯುದ್ಧದೇವತೆಯೊಬ್ಬನ ಹೆಸರಾಗಿ ಸಂಕುಚಿತವಾಯಿತು. ಇಂಗ್ಲಿಷಿನ ಮಂಗಳವಾರದ ಹೆಸರಾದ ‘ಟ್ಯೂಸ್‌ಡೇ’ ಎಂಬುದರಲ್ಲಿ ಅವನು ಇಂದಿಗೂ ಅಡಗಿ ಕುಳಿತಿದ್ದಾನೆ. ಬೇರೊಂದು ಭಾಷಾಕುಟುಂಬಕ್ಕೆ ಸೇರಿದ ಫಿನ್ನರು ನೆರೆಯವರಿಂದ ಈ ಶಬ್ದವನ್ನು ಎರವಲು ಪಡೆದು, ಆಕಾಶವನ್ನು ‘ತೈವಸ್’ ಎಂದರೆಂದು ವಿದ್ವಾಂಸರು ಹೇಳುತ್ತಾರೆ. ಎರವಲು ಪಡೆದವರಲ್ಲಿಯೇ ಮೂಲದ ಬೆಳಕು ಹೆಚ್ಚಾಗಿ ಉಳಿದಂತಾಯಿತು.

ಇಷ್ಟು ದೇಶಗಳಲ್ಲಿ ಪೂಜ್ಯವಾದ ಶಬ್ದವು ಭಾರತಕ್ಕೆ ಅತ್ಯಂತ ಸಮೀಪವಾದ ಇರಾನಿನಲ್ಲಿ ಮಾತ್ರ ಪತನ ಹೊಂದಿತು. ಜರತುಷ್ಟ್ರನ ಗಾಥೆಗಳಲ್ಲಿ ‘ದಯೇವ’ರು ತಪ್ಪುದಾರಿಯನ್ನು ಆರಿಸಿಕೊಂಡವರು, ಅನಂತರದ ಅವೆಸ್ತಾ ಭಾಗಗಳಲ್ಲಿ ಅವರು ನೇರವಾಗಿ ರಾಕ್ಷಸರು. ವೇದದ ಇಂದ್ರನೂ ಅಶ್ವಿನೀದೇವತೆಗಳ ನಾಸತ್ಯನಾಮವೂ ಅಲ್ಲಿ ರಾಕ್ಷಸರ ಪಟ್ಟಿಗೆ ಸೇರಿವೆ. ವೆಂದಿದಾದ್ ಎಂಬ ಗ್ರಂಥದ ಹೆಸರಿಗೇ ದಯೇವವಿರೋಧಿ ಶಾಸನವೆಂದು ಅರ್ಥ. ಕ್ರಿ. ಪೂ. 486ರಿಂದ 465ರವರೆಗೆ ಆಳಿದ ಕ್ಸೆರ್ಕ್ಸಸ್ ಚಕ್ರವರ್ತಿಯ ಶಿಲಾಲೇಖವೊಂದು 1935ರಲ್ಲಿ ಪರ್ಸಿಪೊಲಿಸ್‌ನಲ್ಲಿ ದೊರೆಯಿತು. ದೈವರ ಪೂಜೆ ನಡೆಯುತ್ತಿದ್ದ ಸ್ಥಾನವನ್ನು ತಾನು ಕೆಡವಿದುದನ್ನೂ ಅವರನ್ನು ಪೂಜಿಸಕೂಡದೆಂದು ಆಜ್ಞೆ ಮಾಡಿದುದನ್ನೂ ಅವನು ಅದರಲ್ಲಿ ಹೇಳಿಕೊಂಡಿದ್ದಾನೆ. ಒಂದು ಶಬ್ದದ ಅರ್ಥವು ಅರಸನ ಆಜ್ಞೆಗೂ ದೇಗುಲದ ನಾಶಕ್ಕೂ ಕಾರಣವಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಕಠಿನವಾದ ಸಾಕ್ಷಿ ಬೇಕಿಲ್ಲ.

ಇತ್ತ ಭಾರತದಲ್ಲಿ ಇದರ ಪ್ರತಿಬಿಂಬದಂತಹ ಮಾರ್ಪಾಡು ನಡೆಯಿತು. ಇರಾನಿನಲ್ಲಿ ಪರಮೇಶ್ವರವಾಚಕವಾದ ‘ಅಹುರ’ವೇ ಇಲ್ಲಿಯ ‘ಅಸುರ’. ಋಗ್ವೇದದಲ್ಲಿ ವರುಣ, ಅಗ್ನಿ, ಇಂದ್ರರಿಗೂ ಅಸುರನೆಂಬ ಗೌರವದ ಹೆಸರುಂಟು. ಮುಂದೆ ಆ ಶಬ್ದ ದೇವವೈರಿಗಳಿಗೆ ಮೀಸಲಾಯಿತು. ಮೊದಲಕ್ಷರವನ್ನು ನಿಷೇಧಾರ್ಥವೆಂದು ಭ್ರಮಿಸಿ, ಅದನ್ನು ತೆಗೆದು ‘ಸುರ’ ಎಂಬ ಹೊಸ ಶಬ್ದವನ್ನೂ ಕಲ್ಪಿಸಿಕೊಂಡದ್ದಾಯಿತು. ಇದರಿಂದ ಹಿಂದಿನ ಕೆಲವು ಪಂಡಿತರು, ಒಂದಾಗಿದ್ದ ಜನ ದೇವಪಕ್ಷ ಅಸುರಪಕ್ಷಗಳಾಗಿ ಜಗಳಾಡಿ ಅಗಲಿದರೆಂದು ಊಹಿಸಿದರು. ಈಗಿನ ವಿದ್ವಾಂಸರು ಅಷ್ಟು ಸರಳವಾಗಿ ಒಪ್ಪುವುದಿಲ್ಲ. ಋಗ್ವೇದದ ಕಾಲಕ್ಕೆ ಅಸುರಶಬ್ದ ಇನ್ನೂ ಕೆಟ್ಟಿರಲಿಲ್ಲವಾದುದರಿಂದ, ಎರಡು ಕಡೆಯ ಬದಲಾವಣೆಗಳೂ ಬೇರೆ ಬೇರೆಯಾಗಿ ಮೆಲ್ಲಮೆಲ್ಲನೆ ನಡೆದಿರಬೇಕೆಂಬುದು ಅವರ ಮತ. ಆದುದರಿಂದ ಎರಡು ಜನಾಂಗಗಳ ಹಗೆತನವನ್ನು ಶಬ್ದದಿಂದಲೇ ನಿರ್ಣಯಿಸುವುದು ಆತುರದ ಕೆಲಸ.

ಇರಾನಿನಲ್ಲಿ ಬಿದ್ದ ಶಬ್ದವು ಬಿದ್ದಲ್ಲಿಯೇ ಉಳಿಯಲಿಲ್ಲ. ಪಾರಸಿಯಲ್ಲಿ ಅದು ‘ದೀವ್’ ಆಯಿತು. 1010ರಲ್ಲಿ ಮುಗಿದ ಫಿರ್ದೌಸಿಯ ಶಾಹನಾಮೆಯಲ್ಲಿ ವೀರ ರುಸ್ತುಮನು ಮಾಜಂದರಾನಿನಲ್ಲಿ ಕೊಲ್ಲುವ ಬಿಳಿಯ ರಾಕ್ಷಸನೂ ದೀವನೇ. ತುರ್ಕರ ‘ದೇವ್’, ಜಾರ್ಜಿಯನ್ನರ ‘ದೇವಿ’ ಎಂಬವು ಅಡುಗೂಲಜ್ಜಿಯ ಕಥೆಗಳ ದೈತ್ಯರು. ಪಾರಸಿಯ ಈ ಶಬ್ದ ಉರ್ದುವಿನ ಮೂಲಕ ಮರಳಿ ಭಾರತಕ್ಕೆ ಬಂದಿತು. ಹೀಗೆ, ಸಾವಿರಾರು ವರ್ಷಗಳ ಹಿಂದೆ ಅಗಲಿದ ಅಣ್ಣತಮ್ಮಂದಿರಲ್ಲಿ ಒಬ್ಬನು ಗುಡಿಯಲ್ಲಿಯೂ ಇನ್ನೊಬ್ಬನು ಕಥೆಯ ಕಾಡಿನಲ್ಲಿಯೂ ನೆಲಸಿ, ಒಂದೇ ಪೇಟೆಯ ಬೀದಿಯಲ್ಲಿ ಗುರುತು ಸಿಗದೆ ಹಾದುಹೋಗುವಂತಾಯಿತು.

ಭಾರತದೊಳಗೂ ಈ ಶಬ್ದದ ಮಾನ ಸ್ಥಿರವಾಗಿರಲಿಲ್ಲ. ಅಶೋಕ ಮಹಾರಾಜನು ತನ್ನನ್ನು ‘ದೇವಾನಾಂಪ್ರಿಯ’ನೆಂದು ಕರೆದುಕೊಂಡನು. ಚಿತ್ರದುರ್ಗದ ಸೀಮೆಯ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸರು ಕಂಡುಹಿಡಿದ ಶಾಸನದಲ್ಲಿ ಆ ಬಿರುದಿದೆ. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನದಲ್ಲಿ ಬಿರುದಿನೊಡನೆ ಅಶೋಕನೆಂಬ ಹೆಸರೂ ಸೇರಿ, ಆ ಬಿರುದಿನ ಅರಸನಾರೆಂಬುದು ಸ್ಥಿರಪಟ್ಟಿತು. ಇಷ್ಟು ಘನವಾದ ಬಿರುದಿಗೆ ಕಾಲಾಂತರದಲ್ಲಿ ವೈಯಾಕರಣರು ಕೊಟ್ಟ ಅರ್ಥ ಮೂರ್ಖನೆಂದು! ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯಲ್ಲಿಯೂ ಆ ಅರ್ಥವೇ ಇದೆ. ಬಂಡೆಯ ಮೇಲಿನ ಅಕ್ಷರ ಅಳಿಯಲಿಲ್ಲ. ಅದರ ಅರ್ಥ ಮಾತ್ರ ಜನರ ಬಾಯಲ್ಲಿ ತಲೆಕೆಳಗಾಯಿತು.

ಈ ಕಥೆಯಲ್ಲಿ ಎಲ್ಲಕ್ಕಿಂತಲೂ ಮನಕರಗಿಸುವ ಭಾಗವು ರೋಮಾ ಜನರದು. ಸುಮಾರು ಸಾವಿರ ವರ್ಷಗಳ ಹಿಂದೆ ಭಾರತವನ್ನು ಬಿಟ್ಟು ಯೂರೋಪಿನವರೆಗೆ ಅಲೆದ ಈ ಅಲೆಮಾರಿಗಳು ದೇವರನ್ನು ‘ದೇವೆಲ್’ ಎನ್ನುತ್ತಾರೆ. ಅವರ ನುಡಿಯಲ್ಲಿ ಸ್ವರಗಳ ನಡುವಣ ತಕಾರ ಲಕಾರವಾಗುವುದು ನಿಯಮ: ‘ಭ್ರಾತಾ’ ಎಂಬುದು ‘ಫ್ರಾಲ್’, ‘ಗತ’ವು ‘ಗೆಲೋ’, ಹಾಗೆಯೇ ‘ದೇವತಾ’ ‘ದೇವೆಲ್’. ಅತ್ತ ಇಂಗ್ಲಿಷಿನಲ್ಲಿ ಸೈತಾನನಿಗೆ ‘ಡೆವಿಲ್’ ಎಂದು ಹೆಸರು. ಅದು ‘ದಿಯಾಬೊಲೊಸ್’ ಎಂಬ ಗ್ರೀಕ್ ಶಬ್ದದಿಂದ ಹುಟ್ಟಿದುದು. ಚಾಡಿಕೋರನೆಂಬುದು ಅದರ ಅರ್ಥ. ದೇವಶಬ್ದಕ್ಕೂ ಅದಕ್ಕೂ ಕಿವಿಯ ಸಾದೃಶ್ಯವಲ್ಲದೆ ರಕ್ತಸಂಬಂಧವಿಲ್ಲ. ಆದರೆ ಕಷ್ಟದಲ್ಲಿ ತನ್ನ ದೇವರನ್ನು ಕೂಗಿಕೊಳ್ಳುವ ಬಡವನ ಮೊರೆಯು ಆಂಗ್ಲನ ಕಿವಿಗೆ ಸೈತಾನನ ಆವಾಹನೆಯಂತೆ ಕೇಳಿಸಿದರೆ ಏನಾದೀತು! ಈಜಿಪ್ತಿನಿಂದ ಬಂದವರೆಂಬ ತಪ್ಪು ತಿಳಿವಳಿಕೆಯಿಂದ ಅವರನ್ನು ‘ಈಜಿಪ್ತಿನವರು’ ಎಂದು ಹೆಸರಿಸಿ, ದೇಶ ಬಿಟ್ಟು ಹೋಗಬೇಕೆಂದು ಎಂಟನೆಯ ಹೆನ್ರಿಯ ಸರಕಾರವು 1530ರಲ್ಲಿ ಕಾಯಿದೆ ಮಾಡಿತು. ಅವರ ನುಡಿ ಹಿಂದೂಸ್ತಾನದ ನುಡಿಯೆಂದು ಜರ್ಮನ್ ವಿದ್ವಾಂಸ ರೂಡಿಗರನು 1782ರಲ್ಲಿ ತೋರಿಸುವ ಹೊತ್ತಿಗೆ ಇನ್ನೂರೈವತ್ತು ವರ್ಷಗಳು ಕಳೆದಿದ್ದವು. ಅವರ ಹೆಸರೂ ತಪ್ಪು, ಅವರ ದೇವರೂ ಅಪಾರ್ಥ. ಮಾತು ಬಲ್ಲವರಿಲ್ಲದ ನಾಡಿನಲ್ಲಿ ಅಲೆಮಾರಿಗೆ ದೊರೆತ ಆತಿಥ್ಯವಿದು.

ಶಬ್ದಗಳ ಕುಲವನ್ನು ಶೋಧಿಸುವುದು ಪಂಡಿತರ ವಿನೋದವೆಂದು ಕೆಲವರು ನಗುವುದುಂಟು. ಆದರೆ ಒಬ್ಬರ ದೇವರು ಇನ್ನೊಬ್ಬರಿಗೆ ರಾಕ್ಷಸನಾಗಿ ಕೇಳಿಸುವ ಲೋಕದಲ್ಲಿ ಆ ಶೋಧನೆ ಬರಿಯ ವಿನೋದವಲ್ಲ. ಪರರ ಮಾತನ್ನು ತನ್ನ ಕೋಶದಿಂದ ಅಳೆದು ತೀರ್ಪು ಕೊಡುವ ಮುನ್ನ, ಆಡಿದವನ ಮನೆಯಲ್ಲಿ ಅದಕ್ಕೇನು ಅರ್ಥವೆಂದು ವಿಚಾರಿಸುವುದು ಜ್ಞಾನವೂ ಹೌದು, ಧರ್ಮವೂ ಹೌದು. ದೇವರೂ ದೆವ್ವವೂ ಒಂದೇ ಸೂರಿನಡಿ ಬಾಳುತ್ತಿರುವ ಕನ್ನಡದ ಮನೆಗಳಿಗೆ ಈ ಮಾತು ಬೇಗ ತಿಳಿಯಬೇಕು.